ಬೀದರ ಸೀಮೆ ಎಷ್ಟು ದೂರ?

ಕೆಲವು ವರ್ಷಗಳ ಹಿಂದೆ ನನಗೆ ಬೀದರ ಜಿಲ್ಲೆಗೆ ವರ್ಗವಾದ ಆಜ್ಞೆಯು ಕೈಸೇರಿದ ದಿನ, ಹಾಸನದ ನಮ್ಮ ಮನೆಯಲ್ಲಿ ಸಂಜೆಯ ದೀಪ ಹಚ್ಚುವುದೂ ಯಾರಿಗೂ ನೆನಪಾಗಲಿಲ್ಲ. ನಮ್ಮ ತಾಯಿಯವರು ಬಹಳ ಹೊತ್ತು ಸುಮ್ಮನಿದ್ದು, ಕೊನೆಗೆ "ಅಲ್ಲಿ ಅನ್ನ ಸಿಕ್ಕುತ್ತೇನಪ್ಪಾ?" ಎಂದು ಕೇಳಿದರು. ಸಮಾಧಾನ ಹೇಳಲೆಂದು ಬಂದಿದ್ದ ಪಕ್ಕದ ಮನೆಯ ನಿವೃತ್ತ ಶಿರಸ್ತೇದಾರರು, ಹೊರಡುವಾಗ ಬಾಗಿಲಲ್ಲಿ ನಿಂತು, "ಅಲ್ಲಿಯವರು ಕನ್ನಡ ಮಾತಾಡ್ತಾರೇನ್ರಿ?" ಎಂದು ಮೆಲ್ಲನೆ ವಿಚಾರಿಸಿದರು. ಕನ್ನಡ ಎಂ.ಎ. ಪದವೀಧರನಾದ ನಾನು, ವಚನ ಸಾಹಿತ್ಯವನ್ನು ವರ್ಷವರ್ಷವೂ ತರಗತಿಯಲ್ಲಿ ಬೋಧಿಸಿದ್ದ ನಾನು, ಆ ಪ್ರಶ್ನೆಗೆ ಥಟ್ಟನೆ ಉತ್ತರ ಕೊಡಲಾರದೆ ಹೋದೆನೆಂಬುದನ್ನು ಈಗ ನಾಚಿಕೆಯಿಂದ ಒಪ್ಪಿಕೊಳ್ಳಬೇಕಾಗಿದೆ.

ಈ ಲೇಖನವು ಆ ಹಿರಿಯರಿಗೆ ಅಂದು ಸಲ್ಲಬೇಕಾಗಿದ್ದ ಉತ್ತರ. ಸ್ವಲ್ಪ ತಡವಾಯಿತು, ಇರಲಿ.

ಕರ್ನಾಟಕದ ಭೂಪಟವನ್ನು ಗೋಡೆಗೆ ತೂಗುಹಾಕಿದರೆ, ಎಲ್ಲಕ್ಕಿಂತ ಮೇಲೆ, ಮೊಳೆಗೆ ಅತಿ ಸಮೀಪದಲ್ಲಿ ಕಾಣುವ ಜಿಲ್ಲೆಯೇ ಬೀದರ. ಪಶ್ಚಿಮ ಮತ್ತು ಉತ್ತರಕ್ಕೆ ಮಹಾರಾಷ್ಟ್ರ, ಪೂರ್ವಕ್ಕೆ ತೆಲಂಗಾಣ, ದಕ್ಷಿಣಕ್ಕೆ ಮಾತ್ರ ನಮ್ಮದೇ ಕಲಬುರಗಿ. ವಿಸ್ತಾರ ಸುಮಾರು 5,448 ಚದರ ಕಿಲೋಮೀಟರು; 2011ರ ಜನಗಣತಿಯಂತೆ ಜನಸಂಖ್ಯೆ 17 ಲಕ್ಷಕ್ಕೆ ಸ್ವಲ್ಪ ಮಿಕ್ಕಿತ್ತು. ಬೆಂಗಳೂರಿನಿಂದ ಬೀದರ ಪಟ್ಟಣಕ್ಕೆ ಸುಮಾರು 700 ಕಿಲೋಮೀಟರು. ಹೈದರಾಬಾದಿನಿಂದಾದರೋ 150 ಕಿಲೋಮೀಟರಿನ ಒಳಗೇ. ಆದಕಾರಣ ಇಲ್ಲಿಯ ರೋಗಿಯು ಹೈದರಾಬಾದಿನ ದಾರಿ ಹಿಡಿಯುತ್ತಾನೆ, ವಿದ್ಯಾರ್ಥಿಯು ಲಾತೂರಿಗೆ ಹೋಗುತ್ತಾನೆ, ವ್ಯಾಪಾರಿಯು ಸೊಲ್ಲಾಪುರಕ್ಕೆ ಹೋಗುತ್ತಾನೆ. ಬೆಂಗಳೂರಿಗೆ ಹೋಗುವುದು ಹೆಚ್ಚಾಗಿ ಅರ್ಜಿಗಳು ಮಾತ್ರ. ಬೀದರವನ್ನು ಕರ್ನಾಟಕದ ಕಿರೀಟವೆಂದು ಭಾಷಣಗಳಲ್ಲಿ ಕರೆಯುವುದುಂಟು. ಮಾತು ಚೆನ್ನಾಗಿಯೇ ಇದೆ. ಆದರೆ ಕಿರೀಟವನ್ನು ನಾಟಕದ ದಿನ ಪೆಟ್ಟಿಗೆಯಿಂದ ತೆಗೆದು, ಮರುದಿನ ಮತ್ತೆ ಪೆಟ್ಟಿಗೆಗೇ ಸೇರಿಸುವುದು ನಮ್ಮಲ್ಲಿ ರೂಢಿಯಲ್ಲವೆ?

ನಾನು ಮನೆ ಹಿಡಿದ ಊರು ಹಳ್ಳಿಖೇಡ (ಬಿ). ಹುಮನಾಬಾದಿನಿಂದ ಬೀದರಿಗೆ ಹೋಗುವ ಹೆದ್ದಾರಿಯಲ್ಲಿದೆ. ಹೊಸದಾಗಿ ಬಂದವನ ಕಣ್ಣಿಗೆ ಮೊದಲು ಬೀಳುವುದು ಆ ಕಂಸದೊಳಗಿನ 'ಬಿ'. ಬೆಂಗಳೂರಿನ ಬಡಾವಣೆಗಳಂತೆ ಇದೂ ಒಂದು ಬ್ಲಾಕ್ ಇರಬಹುದೆಂದು ನಾನು ಊಹಿಸಿದ್ದೆ! ವಿಚಾರಿಸಲಾಗಿ ಅದು 'ಬುಜುರ್ಗ್' ಎಂಬ ಪಾರಸಿ ಶಬ್ದದ ಮೊದಲಕ್ಷರವೆಂದು ತಿಳಿಯಿತು. ಬುಜುರ್ಗ್ ಎಂದರೆ ಹಿರಿಯದು. ಅದರ ಜೊತೆಗಾರ ಶಬ್ದ 'ಖುರ್ದ್', ಎಂದರೆ ಕಿರಿಯದು. ಒಂದೇ ಹೆಸರಿನ ಎರಡು ಗ್ರಾಮಗಳಿದ್ದಲ್ಲಿ ಕಂದಾಯದ ಗುಮಾಸ್ತರು ಹಿಂದೆ ಹೀಗೆ ಗುರುತು ಹಚ್ಚಿದರು. ಇನ್ನು 'ಹಳ್ಳಿ' ಎಂಬುದು ಅಚ್ಚಗನ್ನಡ. 'ಖೇಡ' ಎಂಬುದು ಮರಾಠಿ ಸೀಮೆಯ ಊರುಗಳ ಕೊನೆಯಲ್ಲಿ ಬರುವ ಶಬ್ದ. ಅದರ ಅರ್ಥವೂ ಹಳ್ಳಿಯೇ. ಕನ್ನಡಿಗನು ಒಮ್ಮೆ ಹಳ್ಳಿ ಎಂದ, ಮರಾಠಿಗನು ಮತ್ತೊಮ್ಮೆ ಹಳ್ಳಿ ಎಂದ, ಪಾರಸಿ ಬಲ್ಲ ಗುಮಾಸ್ತನು ಅದಕ್ಕೆ ಹಿರಿತನದ ಮೊಹರು ಒತ್ತಿದ ಎಂದು ಓದಿಕೊಂಡರೆ, ಈ ಸೀಮೆಯ ಚರಿತ್ರೆಯೆಲ್ಲ ಊರಬಾಗಿಲಿನ ಫಲಕದಲ್ಲಿಯೇ ಬರೆದಿಟ್ಟಂತಿದೆ.

ಚರಿತ್ರೆಗೆ ಮುನ್ನ ನೆಲದ ವಿಚಾರ. ನಮ್ಮ ಮಲೆನಾಡಿನ ಮಗ್ಗುಲಿನಿಂದ ಬಂದವನಿಗೆ ಈ ಬಯಲು ಮೊದಲು ಬೆದರಿಕೆ ಹುಟ್ಟಿಸುತ್ತದೆ. ಕಣ್ಣಿಗೆ ತಡೆಯೇ ಇಲ್ಲ. ಆದರೆ ಸ್ವಲ್ಪ ದಿನ ಇದ್ದು ನೋಡಿದರೆ, ಇಲ್ಲಿ ಎರಡು ಬಗೆಯ ನೆಲಗಳು ಒಂದರ ಮೇಲೊಂದು ಮಲಗಿರುವುದು ತಿಳಿಯುತ್ತದೆ. ತಳದಲ್ಲಿ ದಖ್ಖಣದ ಕರಿಯ ಅಗ್ನಿಶಿಲೆ. ಅದು ಸವೆದು ಆದ ಎರೆಭೂಮಿಯಲ್ಲಿ ತೊಗರಿ, ಉದ್ದು, ಹೆಸರು, ಹಿಂಗಾರಿನ ಬಿಳಿಜೋಳ, ಕಡಲೆ ಬೆಳೆಯುತ್ತವೆ. ಈಚಿನ ದಶಕಗಳಲ್ಲಿ ಸೋಯಾ ಅವರೆಯೂ, ನೀರಿದ್ದಲ್ಲಿ ಕಬ್ಬೂ ಸೇರಿಕೊಂಡಿವೆ. ಬೀದರ, ಹುಮನಾಬಾದುಗಳ ಎತ್ತರದ ಪ್ರದೇಶದಲ್ಲಿ ಈ ಕರಿಶಿಲೆಯ ಮೇಲೆ ಜಂಬಿಟ್ಟಿಗೆ ಕಲ್ಲಿನ ಕೆಂಪು ಹೊದಿಕೆಯಿದೆ. ಕರಾವಳಿಯವರು ಮನೆ ಕಟ್ಟುವ ಮುರಕಲ್ಲೇ ಇದು.

ಈ ಕೆಂಪು ಕಲ್ಲಿನ ಮಹಿಮೆಯನ್ನು ಸ್ವಲ್ಪ ವಿಸ್ತರಿಸಿ ಹೇಳಬೇಕು. ಅದು ಜೇನುಗೂಡಿನಂತೆ ತೂತುತೂತಾದ ಕಲ್ಲು. ಮೇಲೆ ಬಿದ್ದ ಮಳೆಯನ್ನೆಲ್ಲ ಕುಡಿದುಬಿಡುತ್ತದೆ. ಕುಡಿದ ನೀರು ಕೆಳಗಿಳಿದು, ಅಭೇದ್ಯವಾದ ಕರಿಶಿಲೆಯನ್ನು ಮುಟ್ಟಿ, ಮುಂದೆ ದಾರಿ ಕಾಣದೆ ಅಡ್ಡಡ್ಡಲಾಗಿ ಹರಿದು, ದಿಣ್ಣೆಯ ಅಂಚಿನಲ್ಲಿ ಝರಿಯಾಗಿ ಹೊರಬೀಳುತ್ತದೆ. ಬೀದರಿನ ಝರಣಿ ನರಸಿಂಹನನ್ನು ನೋಡಬೇಕೆಂದರೆ ಭಕ್ತರು ಗುಹೆಯೊಳಗೆ ಎದೆಮಟ್ಟದ ನೀರಿನಲ್ಲಿ ನಡೆದೇ ಹೋಗಬೇಕು. ಗುರು ನಾನಕರು ದಕ್ಷಿಣಕ್ಕೆ ಬಂದಾಗ ಅವರ ಪಾದಸ್ಪರ್ಶದಿಂದ ಹುಟ್ಟಿತೆಂದು ಸಿಖ್ಖರು ನಂಬುವ ನಾನಕ್ ಝಿರಾ ಕೂಡ ಇಂತಹ ಬುಗ್ಗೆಯೇ. ಬಹಮನಿಗಳ ಕಾಲದಲ್ಲಿ ಪಾರಸಿಕ ದೇಶದ ನೀರಾವರಿ ವಿದ್ಯೆಯನ್ನು ಬಲ್ಲವರು ಈ ಕಲ್ಲಿನ ಗುಣವನ್ನು ಕಂಡುಕೊಂಡು, ನೌಬಾದಿನ ಬಳಿ ನೆಲದಡಿಯಲ್ಲಿ ಸುಮಾರು 3 ಕಿಲೋಮೀಟರು ಉದ್ದದ ಸುರಂಗವನ್ನು ಕೊರೆದರು. ಗಾಳಿ ಬೆಳಕಿಗೆಂದು ಅಲ್ಲಲ್ಲಿ ಬಾವಿಗಳಂತೆ ಕಿಂಡಿಗಳನ್ನು ತೋಡಿದರು. 'ಕರೇಜ್' ಎಂಬ ಈ ಏರ್ಪಾಡು ಎತ್ತು, ಯಂತ್ರಗಳ ಹಂಗಿಲ್ಲದೆ, ಬರಿಯ ಇಳಿಜಾರಿನ ಬಲದಿಂದ ಪಟ್ಟಣದ ಕಡೆಗೆ ನೀರು ಸಾಗಿಸುತ್ತಿತ್ತು. ಶತಮಾನಗಳ ಹೂಳನ್ನು ತೆಗೆದು ಅದನ್ನು ಮತ್ತೆ ಬೆಳಕಿಗೆ ತಂದದ್ದು ನಮ್ಮ ಕಾಲದಲ್ಲಿ. ನಮ್ಮ ಮನೆಗಳಲ್ಲಿ ವಾರಕ್ಕೊಮ್ಮೆ ನಲ್ಲಿಯ ನೀರು ಬರುವ ಬೇಸಿಗೆಯಲ್ಲಿ, ಆ ಕಿಂಡಿಗಳೊಳಗೆ ಇಣುಕಿ ನೋಡಿದಾಗ ಬರುವ ಯೋಚನೆಗಳನ್ನು ಬರೆಯದಿರುವುದೇ ಲೇಸು.

ನದಿಗಳ ವಿಷಯದಲ್ಲಿಯೂ ಈ ಜಿಲ್ಲೆಯದು ಬೇರೆಯದೇ ದಾರಿ. ಕರ್ನಾಟಕದ ನೀರೆಂದರೆ ನಮಗೆ ಕೃಷ್ಣೆ, ಕಾವೇರಿ, ಪಶ್ಚಿಮಕ್ಕೆ ಹರಿಯುವ ಶರಾವತಿ, ನೇತ್ರಾವತಿ. ಬೀದರ ಜಿಲ್ಲೆಯ ಬಹುಭಾಗದ ಮಳೆನೀರು ಇವಾವುದಕ್ಕೂ ಸೇರುವುದಿಲ್ಲ. ಅದು ಕಾರಂಜಾ ನದಿಯನ್ನು ಕೂಡಿ, ಮಾಂಜ್ರಾ ನದಿಗಿಳಿದು, ಗೋದಾವರಿಗೆ ಹೋಗುತ್ತದೆ. ದಕ್ಷಿಣದಂಚಿನ ಮುಲ್ಲಾಮಾರಿ, ಗಂಡೋರಿ ಹಳ್ಳಗಳು ಮಾತ್ರ ಕಲಬುರಗಿಯತ್ತ ಇಳಿದು ಭೀಮೆಯ ಮೂಲಕ ಕೃಷ್ಣೆಯನ್ನು ಕಾಣುತ್ತವೆ. ಕವಿರಾಜಮಾರ್ಗಕಾರನು ಕನ್ನಡ ನಾಡಿಗೆ ಹೇಳಿದ ಉತ್ತರದ ಎಲ್ಲೆ ಗೋದಾವರಿಯೆಂಬುದನ್ನು ನಾವು ಹೆಮ್ಮೆಯಿಂದ ಪಾಠ ಹೇಳುತ್ತೇವಷ್ಟೆ. ಆ ಗೋದಾವರಿಯ ಜೊತೆಗೆ ಇಂದಿಗೂ ನೀರಿನ ನಂಟು ಉಳಿಸಿಕೊಂಡಿರುವ ಕನ್ನಡ ಸೀಮೆ ಇದು.

ಈಗ ರಾಜ್ಯಭಾರದ ವಿಚಾರ. ದೂರವೆಂಬುದು ರಾಜಧಾನಿಯಿಂದ ಅಳೆಯುವ ವಸ್ತು. 11ನೆಯ ಶತಮಾನದಲ್ಲಿ ಚಾಲುಕ್ಯ ಆಹವಮಲ್ಲ ಸೋಮೇಶ್ವರನು ತನ್ನ ರಾಜಧಾನಿಯನ್ನು ಮಾನ್ಯಖೇಟದಿಂದ ಕಲ್ಯಾಣಕ್ಕೆ, ಎಂದರೆ ಇಂದಿನ ಬಸವಕಲ್ಯಾಣಕ್ಕೆ, ಸಾಗಿಸಿದ ಮೇಲೆ, ಕನ್ನಡ ದೇಶದ ದೂರಗಳೆಲ್ಲವನ್ನೂ ಇಲ್ಲಿಂದಲೇ ಅಳೆಯತೊಡಗಿದರು. ನಮ್ಮ ಹಾಸನದ ಸೀಮೆಯಲ್ಲಿ ಆಳುತ್ತಿದ್ದ ಹೊಯ್ಸಳರು ಆಗ ಕಲ್ಯಾಣದ ಸಾಮಂತರು. ದೂರದ ಗಡಿನಾಡು ನಮ್ಮದಾಗಿತ್ತು!

ಸೋಮೇಶ್ವರನ ಮಗ ಆರನೆಯ ವಿಕ್ರಮಾದಿತ್ಯನು 1076ರಿಂದ 1126ರವರೆಗೆ ಆಳಿ, ತನ್ನ ಹೆಸರಿನಲ್ಲಿ ಹೊಸ ಶಕವನ್ನೇ ಆರಂಭಿಸಿದನು. ಕಾಶ್ಮೀರದಲ್ಲಿ ಹುಟ್ಟಿದ ಬಿಲ್ಹಣ ಕವಿಯು ಎಷ್ಟೋ ಆಸ್ಥಾನಗಳನ್ನು ಸುತ್ತಿ, ಕೊನೆಗೆ ಬಂದು ನೆಲೆನಿಂತದ್ದು ಇವನ ಬಳಿ. ಹಿಮಾಲಯದ ಮಡಿಲಿನಿಂದ ಒಬ್ಬ ಪಂಡಿತನು ಕೆಲಸ ಹುಡುಕಿಕೊಂಡು ಬಂದ ಊರಿಗೆ, ಹಾಸನದಿಂದ ಹೋಗಲು ನಾನು ಅಳುಮೋರೆ ಮಾಡಿದೆನಲ್ಲ! ಇದೇ ಕಲ್ಯಾಣದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ 'ಮಿತಾಕ್ಷರ'ವೆಂಬ ವ್ಯಾಖ್ಯಾನವನ್ನು ಬರೆದನು. ವಾಚಕರಲ್ಲಿ ವಕೀಲರಿದ್ದರೆ ಅವರಿಗೆ ಹೆಚ್ಚು ಹೇಳಬೇಕಾದುದಿಲ್ಲ. ತಂದೆಯ ಆಸ್ತಿಯಲ್ಲಿ ಮಕ್ಕಳ ಪಾಲೇನು ಎಂಬ ಪ್ರಶ್ನೆಗೆ, ಬಂಗಾಳದ ಕಡೆಯನ್ನು ಬಿಟ್ಟು ಭಾರತದ ಬಹುಭಾಗದ ನ್ಯಾಯಾಲಯಗಳು ಬ್ರಿಟಿಷರ ಕಾಲದಲ್ಲಿಯೂ ತೆರೆದು ನೋಡುತ್ತಿದ್ದುದು ಆ ಗ್ರಂಥವನ್ನು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಬಂದ ಮೇಲೂ ಅವಿಭಕ್ತ ಕುಟುಂಬದ ವ್ಯಾಜ್ಯಗಳಲ್ಲಿ ಅದರ ಹೆಸರು ಅಳಿಯಲಿಲ್ಲ. ಬಸವಣ್ಣ, ಅಲ್ಲಮ, ಅಕ್ಕಮಹಾದೇವಿಯರ ಕಲ್ಯಾಣವನ್ನು ಕುರಿತು ಎಲ್ಲರೂ ಬಲ್ಲರಾದ್ದರಿಂದ ಇಲ್ಲಿ ಬೆಳೆಸುವುದಿಲ್ಲ. ಆದರೆ ಹುಮನಾಬಾದಿನ ಬಳಿಯ ಜಲಸಂಗಿಯ ದೇವಾಲಯವನ್ನು ಹೆಸರಿಸದೆ ಮುಂದೆ ಹೋಗಲಾರೆ. ಅದರ ಹೊರಗೋಡೆಯ ಮೇಲೆ ಒಬ್ಬ ಶಿಲಾಬಾಲಿಕೆ ನಮಗೆ ಅರೆಬೆನ್ನು ತಿರುಗಿಸಿ ನಿಂತು, ವಿಕ್ರಮಾದಿತ್ಯನ ಸ್ತುತಿಯನ್ನು ಶಾಸನವಾಗಿ ಬರೆಯುತ್ತಿದ್ದಾಳೆ. ಬೇಲೂರಿನ ಸುಂದರಿಯರು ಕನ್ನಡಿ ನೋಡಿಕೊಳ್ಳುತ್ತಾರೆ. ಇವಳು ಅಕ್ಷರ ಬರೆಯುತ್ತಾಳೆ. ಬೇಲೂರಿನ ನೆರೆಯವನಾಗಿಯೂ ನನ್ನ ಮತ ಜಲಸಂಗಿಗೇ.

ಕಲ್ಯಾಣದ ವೈಭವ ಅಳಿದ ಮೇಲೆ, 15ನೆಯ ಶತಮಾನದ ಮೊದಲ ಭಾಗದಲ್ಲಿ, ಬಹಮನಿ ಸುಲ್ತಾನ ಅಹಮದ್ ಶಾಹನು ಕಲಬುರಗಿಯಿಂದ ಬೀದರಿಗೆ ರಾಜಧಾನಿಯನ್ನು ತಂದನು. ಈ ಸೀಮೆ ಎರಡನೆಯ ಸಲ ಕೇಂದ್ರವಾಯಿತು. ರಷ್ಯ ದೇಶದ ತ್ವೇರ್ ಪಟ್ಟಣದ ವರ್ತಕ ಅಫನಾಸಿ ನಿಕಿತಿನನು 1470ರ ಆಸುಪಾಸಿನಲ್ಲಿ ಇಲ್ಲಿದ್ದು ಕಂಡದ್ದನ್ನು ಬರೆದಿಟ್ಟನು. ಪಾರಸಿಕ ದೇಶದಿಂದ ಬಂದು ಮಂತ್ರಿಯಾದ ಮಹಮೂದ್ ಗಾವಾನನು 1472ರಲ್ಲಿ ಪೂರ್ಣಗೊಳಿಸಿದ ವಿದ್ಯಾಲಯವು ಇಂದಿಗೂ, ಅರ್ಧ ಮುರಿದ ಸ್ಥಿತಿಯಲ್ಲಿ, ಪಟ್ಟಣದ ನಡುವೆ ನಿಂತಿದೆ. ಅದರ ಗೋಡೆಯ ನೀಲಿ, ಹಸಿರು ಹಂಚುಗಳಲ್ಲಿ ಉಳಿದವು ಬಿಸಿಲಿಗೆ ಇನ್ನೂ ಹೊಳೆಯುತ್ತವೆ. ಅವನ ವೈರಿಗಳು ಅವನ ಮೊಹರನ್ನು ಖಾಲಿ ಕಾಗದಕ್ಕೆ ಒತ್ತಿಸಿ, ಅದರ ಮೇಲೆ ರಾಜದ್ರೋಹದ ಒಕ್ಕಣೆ ಬರೆದು ಸುಲ್ತಾನನಿಗೆ ತೋರಿಸಿದರು. 1481ರಲ್ಲಿ ಅವನ ತಲೆ ಉರುಳಿತು. ಒಂದು ಕಾಗದದಿಂದ ಒಂದು ರಾಜ್ಯವೇ ಹಾಳಾಯಿತೆಂದರೆ ತಪ್ಪಲ್ಲ. ಅಂದಿನ ಸಂಪತ್ತಿನಲ್ಲಿ ಇನ್ನೂ ಉಸಿರಾಡುತ್ತಿರುವುದು ಬಿದರಿ ಕೆಲಸ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಬೆಳ್ಳಿಯ ತಂತಿಯನ್ನು ಕೆತ್ತನೆಯೊಳಗೆ ಕೂಡಿಸಿ, ಕೊನೆಗೆ ಬೀದರ ಕೋಟೆಯ ಹಳೆಯ ಮಣ್ಣನ್ನೂ ನವಸಾಗರವನ್ನೂ ಕಲಸಿದ ನೀರಿನಲ್ಲಿ ಅದ್ದಿದರೆ ಲೋಹವು ಕಾಡಿಗೆಯಂತೆ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬಿಳಿಯಾಗಿಯೇ ಉಳಿಯುತ್ತದೆ. 2006ರಲ್ಲಿ ಈ ಕಲೆಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು.

ಬರೀದಶಾಹಿ, ಆದಿಲಶಾಹಿ, ಮೊಗಲರು ಎಂದು ಒಡೆಯರು ಬದಲಾಗಿ, 18ನೆಯ ಶತಮಾನದಲ್ಲಿ ಸೀಮೆಯು ಹೈದರಾಬಾದಿನ ನಿಜಾಮರ ಪಾಲಿಗೆ ಬಂದಿತು. ಆಗಿನಿಂದ ಇದು ಕೇಂದ್ರವಲ್ಲ, ಒಂದು ಮೂಲೆ. ಜಿಲ್ಲಾಧಿಕಾರಿಗೆ ಇಲ್ಲಿ 'ತಾಲೂಕದಾರ' ಎಂದು ಹೆಸರು. ಅನೇಕ ಗ್ರಾಮಗಳು ಸರ್ಕಾರದ ನೇರ ಆಡಳಿತಕ್ಕೆ ಸೇರದೆ ಜಾಗೀರುಗಳೂ ಪಾಯಗಾಗಳೂ ಆಗಿದ್ದವು. ಕಲ್ಯಾಣಕ್ಕೇ ಒಬ್ಬ ನವಾಬನಿದ್ದನು. ಕಚೇರಿಯ ಭಾಷೆ ಮೊದಲು ಪಾರಸಿ, 19ನೆಯ ಶತಮಾನದ ಕೊನೆಯ ಭಾಗದಿಂದ ಉರ್ದು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯವು ವೈದ್ಯ, ವಿಜ್ಞಾನಗಳನ್ನು ಕೂಡ ಉರ್ದುವಿನಲ್ಲಿ ಕಲಿಸಿತು. ಒಂದು ದೇಶಭಾಷೆಯಲ್ಲಿ ಉನ್ನತ ಶಿಕ್ಷಣ ಸಾಧ್ಯವೆಂದು ತೋರಿಸಿದ ಆ ಸಾಹಸವನ್ನು ಮೆಚ್ಚಲೇಬೇಕು. ಆದರೆ ಕನ್ನಡ, ಮರಾಠಿ, ತೆಲುಗುಗಳನ್ನಾಡುವ ಬಹುಸಂಖ್ಯೆಯ ಮಕ್ಕಳಿಗೆ ಅದು ಮನೆಯ ಭಾಷೆಯಾಗಿರಲಿಲ್ಲವೆಂಬುದನ್ನೂ ಹೇಳಬೇಕು. ಭಾಲ್ಕಿಯ ಹಿರೇಮಠದ ಚನ್ನಬಸವ ಪಟ್ಟದ್ದೇವರು (1890–1999) ಹೊರಗೆ ಉರ್ದು ಶಾಲೆಯೆಂದು ಫಲಕ ಹಾಕಿಸಿ ಒಳಗೆ ಕನ್ನಡದ ಅಕ್ಷರ ಕಲಿಸಿದರೆಂಬ ಸಂಗತಿಯನ್ನು ಇಲ್ಲಿಯ ಮನೆಮನೆಯಲ್ಲಿಯೂ ಹೇಳುತ್ತಾರೆ.

ಶಿರಸ್ತೇದಾರರೇ, ನಿಮ್ಮ ಪ್ರಶ್ನೆಗೆ ಇದು ಅರ್ಧ ಉತ್ತರ. ನಾವು ಹಗಲು ಬೆಳಕಿನಲ್ಲಿ, ಫಲಕದ ಕೆಳಗೆ ಕುಳಿತು ಕಲಿತ ಭಾಷೆಯನ್ನು ಇವರು ಫಲಕದ ಹಿಂದೆ ಕುಳಿತು ಕಲಿತರು.

ಉಳಿದ ಅರ್ಧವನ್ನು ನನಗೆ ತಿಳಿಸಿಕೊಟ್ಟದ್ದು ಒಂದು ಎಳ್ಳಮಾವಾಸ್ಯೆ. ನಮ್ಮ ಕಡೆ ಈ ದಿನಕ್ಕೆ ವಿಶೇಷವಿಲ್ಲ. ಇಲ್ಲಿ ಮಾತ್ರ ಮಾರ್ಗಶಿರದ ಅಮಾವಾಸ್ಯೆಯಂದು ಊರೇ ಬರಿದಾಗಿ ಹೊಲ ಸೇರುತ್ತದೆ. ಹಲವು ಬಗೆಯ ಕಾಳು, ಸೊಪ್ಪು, ಹುಣಿಸೆಗಳನ್ನು ಕೂಡಿಸಿ ಬೇಯಿಸಿದ ಭಜ್ಜಿ, ಸಜ್ಜೆಯ ರೊಟ್ಟಿ, ಜೋಳದ ಅಂಬಲಿ, ಹುಗ್ಗಿ ಇವೆಲ್ಲ ಬುಟ್ಟಿಗಳಲ್ಲಿ ಬರುತ್ತವೆ. ಐದು ಕಲ್ಲುಗಳನ್ನಿಟ್ಟು ಪಾಂಡವರೆಂದು ಪೂಜಿಸಿ, ಎದೆಯುದ್ದ ನಿಂತ ಜೋಳದ ಬೆಳೆಯೊಳಗೆ ಕೂಗುತ್ತ ನಡೆದು ಚರಗ ಚೆಲ್ಲುತ್ತಾರೆ. ಆಮೇಲೆ ದಾರಿಯಲ್ಲಿ ಹೋಗುವವರನ್ನೂ ಬಿಡದೆ ಕರೆದು ಉಣಬಡಿಸುತ್ತಾರೆ. ಜಾತಿ ಮತ ಕೇಳುವವರಿಲ್ಲ. ಅನ್ನ ಸಿಕ್ಕುತ್ತದೆಯೇ ಎಂದು ಕೇಳಿದ ನಮ್ಮ ತಾಯಿಯವರು ಈ ದಿನ ಜೊತೆಗಿದ್ದಿದ್ದರೆ, ಅನ್ನದ ನೆನಪೇ ಅವರಿಗೆ ಬರುತ್ತಿರಲಿಲ್ಲ.

ನನ್ನ ವಿದ್ಯಾರ್ಥಿಯೊಬ್ಬನು ಆ ದಿನ ತನ್ನ ಹೊಲಕ್ಕೆ ಕರೆದೊಯ್ದನು. ಬೇವಿನ ಮರದ ನೆರಳಿನಲ್ಲಿ ಅವನ ಮುತ್ಯಾ ಹೊರಸಿನ ಮೇಲೆ ಕುಳಿತಿದ್ದರು. ತೊಂಬತ್ತರ ಅಂಚಿನ ವಯಸ್ಸು; ಕಣ್ಣು ಮಂಜಾಗಿತ್ತು. ಅವರ ಪಕ್ಕದಲ್ಲಿ ಆಯಿ, ಎಂದರೆ ಅಜ್ಜಿ.

"ನಿಮ್ಮೂರು ಭಾಳ ದೂರ ಏನ್ರೀ ಸರ?" ಎಂದರು ಮುತ್ಯಾ.

"ಬಹಳ ದೂರ" ಎಂದೆ.

"ನಮ್ಮಾಕಿದೂ ಹಂಗೇ ಆಯ್ತು ನೋಡ್ರಿ. ಲಗ್ನ ಆದಾಗ ಸನೇಕ ಇತ್ತು. ಆಮ್ಯಾಗ ದೂರ ಆಯ್ತು" ಎಂದು ನಕ್ಕರು.

ಒಗಟಿನಂತಿದ್ದ ಈ ಮಾತನ್ನು ಆಯಿಯವರೇ ಬಿಡಿಸಿದರು. ಅವರ ತವರು ಉದಗೀರ. ಮದುವೆಯಾದ ಕಾಲಕ್ಕೆ ಉದಗೀರ, ನಿಲಂಗಾ, ಅಹಮದಪುರ, ಜಹೀರಾಬಾದು, ನಾರಾಯಣಖೇಡ ಎಲ್ಲವೂ ಬೀದರ ಜಿಲ್ಲೆಯವೇ. 1955ರಲ್ಲಿ ರಾಜ್ಯ ಪುನರ್ವಿಂಗಡಣಾ ಆಯೋಗವು ಬೀದರ ಜಿಲ್ಲೆಯನ್ನು ತೆಲುಗು ಜಿಲ್ಲೆಗಳ ಜೊತೆಗೆ ಹೈದರಾಬಾದ್ ರಾಜ್ಯದಲ್ಲಿಯೇ ಉಳಿಸಬೇಕೆಂದು ಸೂಚಿಸಿತ್ತು. ಹಾಗಾಗಲಿಲ್ಲ. 1956ರ ಕಾಯಿದೆಯು ಜಿಲ್ಲೆಯನ್ನೇ ಮೂರು ಪಾಲು ಮಾಡಿತು. ಅಹಮದಪುರ, ನಿಲಂಗಾ, ಉದಗೀರ ತಾಲ್ಲೂಕುಗಳು ಮುಂಬಯಿ ರಾಜ್ಯಕ್ಕೆ. ನಾರಾಯಣಖೇಡ ತಾಲ್ಲೂಕು, ನಿರ್ಣಾ ವೃತ್ತವೊಂದನ್ನು ಬಿಟ್ಟು ಜಹೀರಾಬಾದ್ ತಾಲ್ಲೂಕು, ಬೀದರ ತಾಲ್ಲೂಕಿನ ನ್ಯಾಲಕಲ್ ವೃತ್ತ ಇವು ಆಂಧ್ರಪ್ರದೇಶಕ್ಕೆ. ಉಳಿದದ್ದು ಮೈಸೂರು ರಾಜ್ಯಕ್ಕೆ. ನವೆಂಬರ್ 1ರಂದು ನಮ್ಮ ಮನೆಗಳಲ್ಲಿ ಏಕೀಕರಣದ ಸಂತೋಷ. ಇಲ್ಲಿ ಸಂತೋಷದ ಜೊತೆಗೆ ಆಯಿಯ ತವರು ಬೇರೆ ರಾಜ್ಯವಾಯಿತು. ಉದಗೀರದ ಅಣ್ಣನು 1960ರಲ್ಲಿ ಮಹಾರಾಷ್ಟ್ರದವನಾದನು, 1982ರಲ್ಲಿ ಲಾತೂರ ಜಿಲ್ಲೆಯವನಾದನು. ಜಹೀರಾಬಾದಿಗೆ ಕೊಟ್ಟ ತಂಗಿಯು ಆಂಧ್ರದವಳಾಗಿ, 2014ರಲ್ಲಿ ತೆಲಂಗಾಣದವಳಾದಳು. ಇವರಾರೂ ತಮ್ಮ ಮನೆಯ ಹೊಸ್ತಿಲನ್ನು ಬದಲಿಸಿದವರಲ್ಲ. ಆಯಿ ಅಣ್ಣನೊಡನೆ ಮರಾಠಿಯಲ್ಲಿ, ತಂಗಿಯ ಮಕ್ಕಳೊಡನೆ ಅರ್ಧ ತೆಲುಗಿನಲ್ಲಿ, ನೆರೆಯ ಮುಸಲ್ಮಾನ ಗೆಳತಿಯೊಡನೆ ದಖ್ಖಣಿಯಲ್ಲಿ, ಮೊಮ್ಮಕ್ಕಳೊಡನೆ ಕನ್ನಡದಲ್ಲಿ ಮಾತನಾಡುತ್ತಾರೆ. ಬರೆಯಲು ಮಾತ್ರ ಯಾವುದೂ ಬಾರದು.

ಒಂದು ಭಾಷೆ, ಒಂದು ರಾಜ್ಯ ಎಂಬ ಲೆಕ್ಕ ಹಾಸನದಲ್ಲಿ ಸುಲಭ. ಇಲ್ಲಿಯ ದೇವರುಗಳು ಕೂಡ ಆ ಲೆಕ್ಕಕ್ಕೆ ಒಗ್ಗಿದವರಲ್ಲ. ಹುಮನಾಬಾದಿನ ಮಗ್ಗುಲಲ್ಲಿರುವ ಮಾಣಿಕನಗರದ ಮಾಣಿಕಪ್ರಭುಗಳು (1817–1865) ಎಲ್ಲ ಮತಗಳೂ ಸತ್ಯವೆಂಬ ಸಕಲಮತ ಪಂಥವನ್ನು ಬೋಧಿಸಿ, ಹಲವು ಭಾಷೆಗಳಲ್ಲಿ ಪದ ಹಾಡಿದರು. ಅವರ ಸಂಸ್ಥಾನದ ದತ್ತಜಯಂತಿಯ ಸಂಗೀತ ಸಭೆಗೆ ಹಿಂದೂಸ್ತಾನಿ ಗಾಯಕರು ಬಂದು ಹಾಡುವ ಪರಂಪರೆಯಿದೆ. ಬೀದರ ಬಳಿಯ ಅಷ್ಟೂರಿನಲ್ಲಿ ಅಹಮದ್ ಶಾಹ ಸುಲ್ತಾನನ ಗೋರಿಗೆ ಪ್ರತಿವರ್ಷ ನಡೆಯುವ ಉರುಸಿಗೆ ಮಾಡ್ಯಾಳದ ಜಂಗಮರು ಪರಿವಾರದೊಡನೆ ಬಂದು ಶಂಖ ಊದಿ ಹೂವು ಅರ್ಪಿಸುತ್ತಾರೆ. ಉರುಸಿನ ದಿನವನ್ನು ಗೊತ್ತುಮಾಡುವುದು ಹೋಳಿಹುಣ್ಣಿಮೆಯಿಂದ ಎಣಿಸಿ.

ಇಷ್ಟು ಹೇಳಿ, 1948ನ್ನು ಹೇಳದೆ ಬಿಟ್ಟರೆ ಅಪ್ರಾಮಾಣಿಕತೆಯಾದೀತು. ಆ ವರ್ಷದ ಮೇ ತಿಂಗಳಲ್ಲಿ ಬಸವಕಲ್ಯಾಣದ ಕಡೆಯ ಗೋರ್ಟಾ (ಬಿ) ಗ್ರಾಮದ ಮೇಲೆ ರಜಾಕಾರರು ಬಿದ್ದು ಬಹು ಮಂದಿಯನ್ನು ಕೊಂದರು. ಸೆಪ್ಟೆಂಬರ್ 17ರಂದು ನಿಜಾಮರು ಶರಣಾದರು. ಅದರ ಬೆನ್ನಿಗೇ ಸೇಡಿನ ಕೊಲೆಗಳು ನಡೆದು ಮುಸಲ್ಮಾನ ಕುಟುಂಬಗಳು ನಾಶವಾದವು. ಭಾರತ ಸರ್ಕಾರವು ಕಳುಹಿಸಿದ ಪಂಡಿತ ಸುಂದರಲಾಲರ ನಿಯೋಗವು ಅತಿ ಹೆಚ್ಚು ನೊಂದ ಜಿಲ್ಲೆಗಳಲ್ಲಿ ಬೀದರವನ್ನೂ ಎಣಿಸಿತು. ಮೊದಲಿನದಕ್ಕೆ ಸ್ಮಾರಕವಿದೆ. ಎರಡನೆಯದನ್ನು ಹಿರಿಯರು ದನಿ ತಗ್ಗಿಸಿ ಹೇಳುತ್ತಾರೆ, ಅಥವಾ ಹೇಳುವುದಿಲ್ಲ.

ಮೈಸೂರು ರಾಜ್ಯವನ್ನು ಸೇರಿದ ಮೇಲೆ ಸೀಮೆಗೆ ಸಿಕ್ಕಿದ್ದು ಕನ್ನಡದ ಕಚೇರಿ, ಕನ್ನಡದ ಶಾಲೆ. ಜೊತೆಗೆ ಹೊಸ ದೂರ. ಅದುವರೆಗೆ ರಾಜಧಾನಿ ಒಂದು ಹಗಲಿನ ದಾರಿ. ಅನಂತರ ಒಂದು ರಾತ್ರಿ, ಒಂದು ಹಗಲು. ಹೈಕೋರ್ಟಿನ ಕೆಲಸಕ್ಕೆ ಬೀದರಿನ ಕಕ್ಷಿಗಾರನು ಬೆಂಗಳೂರಿಗೇ ಹೋಗಬೇಕಾಗಿತ್ತು; ಕಲಬುರಗಿಯಲ್ಲಿ ಸಂಚಾರಿ ಪೀಠ ಬಂದದ್ದು 2008ರಲ್ಲಿ, ಅದು ಕಾಯಂ ಆದದ್ದು 2013ರಲ್ಲಿ. ಡಾಕ್ಟರ್ ನಂಜುಂಡಪ್ಪನವರ ಸಮಿತಿಯು 2002ರಲ್ಲಿ ರಾಜ್ಯದ ಅತ್ಯಂತ ಹಿಂದುಳಿದ 39 ತಾಲ್ಲೂಕುಗಳನ್ನು ಪಟ್ಟಿಮಾಡಿದಾಗ ಅವುಗಳಲ್ಲಿ 21 ಗುಲಬರ್ಗಾ ವಿಭಾಗದವು. ಸಂವಿಧಾನದ 98ನೆಯ ತಿದ್ದುಪಡಿಯಿಂದ 371ಜೆ ವಿಧಿಯು ಸೇರಿ, 2013ರಿಂದ ಈ ಭಾಗದ ಕಾಲೇಜುಗಳಲ್ಲಿ ನೂರಕ್ಕೆ 70 ಸ್ಥಾನಗಳು ಸ್ಥಳೀಯರಿಗೆ ಮೀಸಲಾದವು. ನನ್ನ ತರಗತಿಯಿಂದ ಇಂಜಿನಿಯರಿಂಗ್, ವೈದ್ಯಕೀಯಕ್ಕೆ ಹೋದ ರೈತರ ಮಕ್ಕಳ ತಮ್ಮಂದಿರೂ ತಂಗಿಯರೂ ನನ್ನ ಮುಂದೆಯೇ ಕುಳಿತಿರುವುದರಿಂದ, ಆ ವಿಧಿಯ ಪ್ರಯೋಜನವನ್ನು ಪತ್ರಿಕೆಯಲ್ಲಿ ಓದಿ ತಿಳಿಯಬೇಕಾಗಿಲ್ಲ. 2017ರಲ್ಲಿ ಬೀದರ–ಕಲಬುರಗಿ ರೈಲುದಾರಿ ತೆರೆಯಿತು. 2019ರಲ್ಲಿ 'ಹೈದರಾಬಾದ್ ಕರ್ನಾಟಕ'ವೆಂಬ ಹೆಸರು ಹೋಗಿ 'ಕಲ್ಯಾಣ ಕರ್ನಾಟಕ'ವಾಯಿತು. ಹೆಸರು ಸೊಗಸಾಗಿದೆ. ಆದರೂ ನನ್ನ ವೇತನ ನಿಗದಿಯ ಕಡತವೊಂದು ರಾಜಧಾನಿಗೆ ಹೋಗಿ, ಒಂದು ಸಹಿಯ ಕೊರತೆಗೆ ಹಿಂತಿರುಗಿ, ಮತ್ತೆ ಹೋಗಿ, ಎರಡು ವರ್ಷಗಳಲ್ಲಿ ನನಗಿಂತ ಹೆಚ್ಚು ಪ್ರವಾಸ ಮಾಡಿತೆಂಬುದನ್ನು ಸೇರಿಸದಿರಲಾರೆ.

ಎಳ್ಳಮಾವಾಸ್ಯೆಯ ಊಟವಾದ ಮೇಲೆ ಮುತ್ಯಾ ನನ್ನನ್ನು ಮನೆಗೆ ಬರಹೇಳಿದರು. ತಗಡಿನ ಪೆಟ್ಟಿಗೆಯಿಂದ ಒಂದು ಕಾಗದ ತೆಗೆಸಿದರು. ಮಡಿಕೆಗಳಲ್ಲಿ ಹರಿದು ನಾಲ್ಕು ತುಂಡಾಗಿತ್ತು, ಉರ್ದು ಬರಹ. ಬಾಲ್ಯದಲ್ಲಿ ಉರ್ದು ಶಾಲೆಯಲ್ಲಿ ಓದಿದ ಅವರು ಕಣ್ಣಿದ್ದಷ್ಟು ದಿನ ಅದನ್ನು ಆಗಾಗ ಓದಿಕೊಳ್ಳುತ್ತಿದ್ದರಂತೆ. ಈಗ ಕಣ್ಣಿಲ್ಲ. ಮಗನು ಕಲಿತದ್ದು ಕನ್ನಡ ಶಾಲೆಯಲ್ಲಿ. ಮೊಮ್ಮಗನು ಕನ್ನಡ, ಇಂಗ್ಲಿಷು. ಮನೆ ತುಂಬ ಓದುಬರಹ ಬಲ್ಲವರು, ಆ ಕಾಗದ ಓದುವವರಿಲ್ಲ. "ಇದರಾಗ ಏನದ ಅಂತ ನನಗ ಗೊತ್ತದರೀ. ಆದ್ರ ಒಮ್ಮೆ ಓದಿದ್ದು ಕೇಳಬೇಕು" ಎಂದರು. ಎಂ.ಎ. ಪದವಿಯ ಭಾರ ಹೊತ್ತ ನಾನೂ ಅಸಹಾಯಕ.

ಮುಂದಿನ ಆದಿತ್ಯವಾರ ಹುಮನಾಬಾದಿನಿಂದ ನಿವೃತ್ತ ಉರ್ದು ಮಾಸ್ತರರೊಬ್ಬರನ್ನು ಕರೆದುಕೊಂಡು ಹೋದೆ. ಅವರು ತುಂಡುಗಳನ್ನು ಜೋಡಿಸಿ, ಕನ್ನಡಕ ಏರಿಸಿ, ನಿಧಾನವಾಗಿ ಓದಿದರು. ಗುಪ್ತನಿಧಿಯ ಒಕ್ಕಣೆಯೇನಲ್ಲ. ಫಸಲಿ 1357ನೆಯ ಸಾಲಿನ, ಎಂದರೆ 1947–48ರ, ಜಮೀನು ಕಂದಾಯದ ರಸೀದಿ. ಹಣ ನಿಜಾಮರ ಹಾಲಿ ಸಿಕ್ಕೆಯ ರೂಪಾಯಿಗಳಲ್ಲಿ. ಕೊಟ್ಟವರು ಮುತ್ಯಾರ ತಂದೆ. ಊರೂರು ಹತ್ತಿ ಉರಿಯುತ್ತಿದ್ದ ವರ್ಷದಲ್ಲಿಯೂ ಆತನು ನಡೆದುಹೋಗಿ ಕಂದಾಯ ಕಟ್ಟಿ ಬಂದಿದ್ದನು. ಮಾಸ್ತರರು ಒಂದೊಂದು ಶಬ್ದ ಉಚ್ಚರಿಸುವ ಮುನ್ನವೇ ಮುತ್ಯಾರ ತುಟಿಗಳು ಆ ಶಬ್ದವನ್ನು ನುಡಿಯುತ್ತಿದ್ದವು. ತಂದೆಯ ಹೆಸರು ಬಂದಾಗ ಮಾತ್ರ ನಿಂತವು.

ಮಾಸ್ತರರು ಮತ್ತೊಮ್ಮೆ ಓದಿದರು. ಮೊಮ್ಮಗನು ಕನ್ನಡದಲ್ಲಿ ಬರೆದುಕೊಂಡನು.

ಸ್ವಲ್ಪ ಹೊತ್ತಿನ ಮೇಲೆ ಮುತ್ಯಾ ನನ್ನ ಕಡೆ ತಿರುಗಿ, "ಸರ, ನಿಮ್ಮ ಕಡಿ ಇಂಥ ಕಾಗದ ಯಾವ ಭಾಷಾದಾಗ ಇರ್ತಾವ್ರೀ?" ಎಂದು ಕೇಳಿದರು.

"ಕನ್ನಡದಲ್ಲಿಯೇ, ಮುತ್ಯಾ."

"ನಿಮ್ಮ ಮುತ್ಯಾನ ಕಾಲದಾಗೂ?"

"ಆಗಲೂ ಕನ್ನಡವೇ."

"ಅಂದ್ರ ನಿಮ್ಮ ಮನ್ಯಾಗ ಯಾರ ಕಾಗದಾ ಯಾರ್ ಬೇಕಾದ್ರೂ ಓದ್ತಾರ" ಎಂದು ಅವರು ತಮ್ಮಷ್ಟಕ್ಕೆ ಹೇಳಿಕೊಂಡು, ನಾಲ್ಕು ತುಂಡುಗಳನ್ನು ಬೆರಳಿನಿಂದ ಎಣಿಸಿ, ಪೆಟ್ಟಿಗೆಯಲ್ಲಿಟ್ಟು, ಮಾಸ್ತರರಿಗೆ ಚಹಾ ತರುವಂತೆ ಒಳಗೆ ಕೂಗಿದರು.